ಹೃದಯಾಘಾತ, ಆಂಜಿಯೋಗ್ರಾಮ್ ಡೈ ಮತ್ತು ಕಿಡ್ನಿ: ಮನೆಯವರಿಗೆ ಗೊತ್ತಿರಬೇಕಾದ್ದು

ಎದೆನೋವು ಅಂತ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ದಾವಣಗೆರೆಗೋ ಶಿವಮೊಗ್ಗಕ್ಕೋ ರೋಗಿಯನ್ನು ಕರೆದೊಯ್ದಿರುತ್ತೀರಿ. ವೈದ್ಯರು ‘ಆಂಜಿಯೋಗ್ರಾಮ್ ಮಾಡಬೇಕು, ಸಹಿ ಹಾಕಿ’ ಅಂದ ಕೂಡಲೇ ಜೊತೆಗೆ ಬಂದವರಲ್ಲಿ ಒಬ್ಬರಾದರೂ ‘ಡೈ ಹಾಕಿದ್ರೆ ಕಿಡ್ನಿ ಹೋಗುತ್ತಂತೆ’ ಅಂತಾರೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಭಯವೇ ಹೆಚ್ಚು. ಸಹಿಗೆ ತಡ ಮಾಡಿದಷ್ಟು ಹೊತ್ತೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ.

ಡೈ ಏನು ಮಾಡುತ್ತೆ?
ಎಕ್ಸ್‌ರೇಯಲ್ಲಿ ರಕ್ತನಾಳ ಕಾಣುವುದಿಲ್ಲ. ಅದು ಕಾಣಲಿ ಅಂತ ಅಯೋಡಿನ್ ಇರುವ ದ್ರವವನ್ನು ನಾಳಕ್ಕೆ ಬಿಡುತ್ತಾರೆ. ಸ್ಟೆಂಟ್ ಕೂಡ ಹಾಕುವುದಾದರೆ ಸಾಮಾನ್ಯವಾಗಿ 100ರಿಂದ 200 ಮಿ.ಲೀ. ಬೇಕಾಗಬಹುದು. ಇದನ್ನು ಹೊರಹಾಕುವ ಕೆಲಸ ಕಿಡ್ನಿಯದು. ಆಗ ಕಿಡ್ನಿಯ ಸಣ್ಣ ನಾಳಗಳು ಸಂಕುಚಿತಗೊಂಡು, ಜೀವಕೋಶಗಳಿಗೆ ಪೆಟ್ಟು ಬೀಳಬಹುದು. ಹೃದಯಾಘಾತದಲ್ಲಿ ರಕ್ತದ ಹರಿವೇ ಕಡಿಮೆ ಆಗಿರುವುದರಿಂದ ಎಲ್ಲ ತಪ್ಪನ್ನೂ ಡೈ ಮೇಲೆ ಹಾಕುವಂತಿಲ್ಲ.

ಕ್ರಿಯಾಟಿನಿನ್ 48 ಗಂಟೆಯೊಳಗೆ 0.3 ಏರಿದರೆ, ಇಲ್ಲವೇ 7 ದಿನದಲ್ಲಿ ಒಂದೂವರೆ ಪಟ್ಟಾದರೆ ಕಿಡ್ನಿಗೆ ಪೆಟ್ಟಾಗಿದೆ ಎಂದು ಲೆಕ್ಕ. ಹೆಚ್ಚಿನವರಲ್ಲಿ ಒಂದೆರಡು ವಾರದಲ್ಲಿ ಇದು ಇಳಿಯುತ್ತದೆ. ಡಯಾಲಿಸಿಸ್ ಬೇಕಾಗುವವರು ಕಡಿಮೆ.

ಯಾರಿಗೆ ಅಪಾಯ ಹೆಚ್ಚು?
2004ರಲ್ಲಿ ಹೃದ್ರೋಗ ತಜ್ಞೆ ರೊಕ್ಸಾನಾ ಮೆಹ್ರಾನ್ ತಂಡ ಅಂಕದ ಪಟ್ಟಿಯೊಂದನ್ನು ಮಾಡಿತು. 75 ದಾಟಿದ ವಯಸ್ಸಿಗೆ 4, ಸಕ್ಕರೆ ಕಾಯಿಲೆಗೆ 3, ರಕ್ತಹೀನತೆಗೆ 3, ಕ್ರಿಯಾಟಿನಿನ್ 1.5 ಮೀರಿದ್ದರೆ 4, ಹೃದಯ ದುರ್ಬಲವಾಗಿದ್ದರೆ 5, ಬಿಪಿ ಕುಸಿದಿದ್ದರೆ 5, ಪ್ರತಿ 100 ಮಿ.ಲೀ. ಡೈಗೆ 1. ಡೈಗಿಂತ ರೋಗಿಯ ಸ್ಥಿತಿಗೇ ಹೆಚ್ಚು ಅಂಕ ಇರುವುದನ್ನು ಗಮನಿಸಿ. ತುರ್ತು ಹೃದಯಾಘಾತದವರನ್ನು ಆ ಪಟ್ಟಿಯಲ್ಲಿ ಸೇರಿಸಿರಲಿಲ್ಲ. 2021ರ ಪರಿಷ್ಕೃತ ಪಟ್ಟಿಯಲ್ಲಿ ಅವರನ್ನೂ ಸೇರಿಸಿದರು. ಅದರಲ್ಲಿ ತೀವ್ರ ಹೃದಯಾಘಾತಕ್ಕೇ ಅತಿ ಹೆಚ್ಚು ಅಂಕ. ತಡವಾಗಿ, ಬಿಪಿ ಕುಸಿದ ಮೇಲೆ ಆಸ್ಪತ್ರೆ ಮುಟ್ಟಿದರೆ ಹೃದಯದ ಜೊತೆ ಕಿಡ್ನಿಗೂ ಕುತ್ತು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?
ಡೈ ಎಷ್ಟು ಕಡಿಮೆ ಆಗುತ್ತೋ ಅಷ್ಟು ಬಳಸುತ್ತಾರೆ. ಹೃದಯ ತಡೆದುಕೊಳ್ಳುವಷ್ಟು ಸಲೈನ್ ಕೊಡುತ್ತಾರೆ. ಕಿಡ್ನಿ ಕಾಪಾಡುತ್ತೆ ಅಂತ ಎನ್-ಅಸಿಟೈಲ್‌ಸಿಸ್ಟೀನ್ ಮಾತ್ರೆ ಕೊಡುವ ರೂಢಿ ಇತ್ತು. ಸುಮಾರು 5,000 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ‘ಪ್ರಿಸರ್ವ್’ ಅಧ್ಯಯನದಲ್ಲಿ ಅದರಿಂದ ಲಾಭ ಕಾಣಲಿಲ್ಲ. ತೀವ್ರ ಹೃದಯಾಘಾತದಲ್ಲಿ ಕ್ರಿಯಾಟಿನಿನ್ ವರದಿಗಾಗಿ ಕಾಯುತ್ತಾ ಚಿಕಿತ್ಸೆ ನಿಲ್ಲಿಸುವುದಿಲ್ಲ, ನಿಲ್ಲಿಸಲೂಬಾರದು.

ನಿಮ್ಮ ಕೈಯಲ್ಲಿರುವುದು
* ಸಕ್ಕರೆ, ಬಿಪಿ ಇರುವವರು ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ನೋಡಿಸಿ. ವರದಿಯ ಫೋಟೋ ಮೊಬೈಲ್‌ನಲ್ಲಿ ಇರಲಿ. ಹಳೇ ಅಂಕಿ ಇದ್ದರೆ ಎಷ್ಟು ಏರಿದೆ ಅಂತ ವೈದ್ಯರಿಗೆ ತಿಳಿಯುತ್ತೆ.
* ಮೊದಲೇ ಕಿಡ್ನಿ ತೊಂದರೆ ಇದ್ದರೆ, ಮೆಟ್‌ಫಾರ್ಮಿನ್, ನೋವಿನ ಮಾತ್ರೆ, ನಾಟಿ ಔಷಧಿ ತಗೊಳ್ತಿದ್ದರೆ ಮುಚ್ಚಿಡದೆ ಹೇಳಿ.
* ಎದೆನೋವನ್ನು ಗ್ಯಾಸ್ ಅಂತ ಸೋಡಾ ಕುಡಿದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. 2023ರಲ್ಲಿ ಶುರುವಾದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ, ಆಯ್ದ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. ನಿಮ್ಮ ಆಸ್ಪತ್ರೆಯಲ್ಲಿ ಇದೆಯೇ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ
ಕ್ರಿಯಾಟಿನಿನ್ ತೀರಾ ಹೆಚ್ಚಾಗುವುದು 3ರಿಂದ 5ನೇ ದಿನದ ಹೊತ್ತಿಗೆ. ಅಷ್ಟರಲ್ಲಿ ಎಷ್ಟೋ ಜನ ಡಿಸ್ಚಾರ್ಜ್ ಆಗಿ ಊರಿಗೆ ಬಂದಿರುತ್ತಾರೆ. ‘ರಕ್ತ ಪರೀಕ್ಷೆ ಮತ್ತೆ ಯಾವ ದಿನ?’ ಅಂತ ಬಿಡುಗಡೆಗೆ ಮುಂಚೆ ಕೇಳಿ, ಊರಿನಲ್ಲೇ ಮಾಡಿಸಿ ವರದಿ ಕಳಿಸಿ. ಮೆಟ್‌ಫಾರ್ಮಿನ್ ನಿಲ್ಲಿಸಿದ್ದರೆ, ಸಾಮಾನ್ಯವಾಗಿ 48 ಗಂಟೆ ಕಳೆದು ಕಿಡ್ನಿ ಸರಿಯಿದೆ ಅಂತ ಖಚಿತವಾದ ಮೇಲೆ ವೈದ್ಯರು ಮತ್ತೆ ಶುರು ಮಾಡಿಸುತ್ತಾರೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ಸ್ಟೆಂಟ್ ಮಾತ್ರೆಗಳನ್ನು ಮಾತ್ರ ನೀವಾಗಿ ನಿಲ್ಲಿಸಲೇಬೇಡಿ.

ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ. ಮೆಡಿಕಲ್ ಶಾಪ್‌ನವರೂ ಕೊಡುವ ಮುಂಚೆ ‘ಸ್ಟೆಂಟ್ ಹಾಕಿದೆಯಾ?’ ಅಂತ ಒಂದು ಮಾತು ಕೇಳಿದರೆ ಒಳ್ಳೇದು. ಕಿಡ್ನಿ ತೊಳೆಯಲಿ ಅಂತ ಬಿಂದಿಗೆಗಟ್ಟಲೆ ನೀರು ಕುಡಿಸುವುದೂ ತಪ್ಪು. ದುರ್ಬಲ ಹೃದಯಕ್ಕೆ ಅದೇ ಹೊರೆ, ವೈದ್ಯರು ಹೇಳಿದಷ್ಟೇ ಸಾಕು.

ಮೂತ್ರ ಕಡಿಮೆಯಾದರೆ, ಕಾಲು ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ ಮುಂದಿನ ತಪಾಸಣೆ ದಿನದವರೆಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.