ಕರೆಂಟ್ ಹೋದಾಗ ಕಾಣುವ ಭೂತ

1955. ಅಮೆರಿಕದ ಮಿಸಿಸಿಪ್ಪಿಯಲ್ಲಿ ಎಮ್ಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನ ಕೊಲೆಯಾಯ್ತು. ಆರೋಪಿಗಳು ಖುಲಾಸೆಯಾದರು. ಇದನ್ನು ಟಿವಿ ನಾಟಕ ಮಾಡಲು ಹೊರಟ ರಾಡ್ ಸರ್ಲಿಂಗ್‌ಗೆ ಪ್ರಾಯೋಜಕರು ಅಡ್ಡ ಬಂದರು. ಕಥೆಯ ಊರು, ಸತ್ತವನ ಗುರುತು ಎಲ್ಲವೂ ಬದಲಾಯ್ತು.

ಸರ್ಲಿಂಗ್ ದಾರಿ ಬದಲಿಸಿದರು. 1959ರಲ್ಲಿ ಸಿಬಿಎಸ್‌ನಲ್ಲಿ ‘ದಿ ಟ್ವೈಲೈಟ್ ಜೋನ್’ ಶುರುವಾಯ್ತು. ಪ್ರತಿ ಕಂತಿಗೂ ಹೊಸ ಕಥೆ, ಹೊಸ ಮುಖ. ನಾಯಕ ಉಳೀತಾನೆ ಅನ್ನೋ ಗ್ಯಾರಂಟಿಯೇ ಇಲ್ಲ!

1960ರ ಒಂದು ಕಂತು ನೋಡಿ. ಮೇಪಲ್ ಸ್ಟ್ರೀಟ್‌ನಲ್ಲಿ ಕರೆಂಟ್ ಹೋಗುತ್ತೆ. ಅನ್ಯಗ್ರಹದವರು ನಮ್ಮೊಳಗೇ ಇದ್ದಾರೆ ಅಂತ ಗುಸುಗುಸು. ಗಾಬರಿಯಲ್ಲಿ ನೆರೆಯವನೇ ನೆರೆಯವನಿಗೆ ಗುಂಡಿಡುತ್ತಾನೆ. ನಿಜವಾದ ಅನ್ಯಗ್ರಹದವರು ದೂರದ ಗುಡ್ಡದಲ್ಲಿ ನಿಂತು ನೋಡ್ತಿರುತ್ತಾರೆ. ಅವರು ಆಡಿದ್ದು ಬರೀ ಕರೆಂಟ್ ಆಟ!

ನೇರವಾಗಿ ಹೇಳಲು ಬಿಡದ ಮಾತನ್ನು ಭಯದ ಕಥೆ ಹೇಳಿಬಿಟ್ಟಿತು. ಹಾರರ್ ನೋಡುವಾಗ ಭೂತವನ್ನಷ್ಟೇ ಹುಡುಕಬೇಡಿ ವೀಕ್ಷಕರೇ, ಮೊದಲು ಕಲ್ಲೆತ್ತಿದ್ದು ಯಾರು ಅಂತಲೂ ನೋಡಿ.