ಬಾನುಲಿಯಿಂದ ಪಾಡ್‌ಕಾಸ್ಟ್‌ಗೆ: ಶೇಂಗಾ ಬೆಳೆಗಾರರ ಗುಂಪುಗಳಿಗೆ ಸಲಹೆಗಳು

1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ‘ಆಕಾಶವಾಣಿ’ ಬಾನುಲಿ ಕೇಂದ್ರವನ್ನು ಆರಂಭಿಸಿದರು. 2007ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಕೃಷಿ ಸಮುದಾಯ ಬಾನುಲಿಗೆ ಚಾಲನೆ ನೀಡಿತು. ಬಾನುಲಿಯ ಮಾತು ಪ್ರಸಾರದ ವೇಳೆಗೆ ಮಾತ್ರ ದೊರೆಯುತ್ತದೆ. ಪಾಡ್‌ಕಾಸ್ಟನ್ನು ಹೊಲದಲ್ಲಿದ್ದಾಗಲೂ ಮತ್ತೆ ಮತ್ತೆ ಕೇಳಬಹುದು. ಆದರೆ ಹಳೆಯ ಸಂಚಿಕೆಯ ಮಳೆ ಮುನ್ಸೂಚನೆಯನ್ನು ಇಂದಿನದೆಂದು ನಂಬಿ ಬಿತ್ತಿದರೆ ಬೀಜ, ಗೊಬ್ಬರ ಎರಡೂ ನಷ್ಟವಾದಾವು.

ಆದ್ದರಿಂದ ಸಿದ್ದಾಪುರ ಹಾಗೂ ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಮಳೆಯಾಶ್ರಿತ ಶೇಂಗಾ ಬೆಳೆಗಾರರು ಪಾಡ್‌ಕಾಸ್ಟ್ ಆರಂಭಿಸುವಾಗ ಈ ಕ್ರಮಗಳನ್ನು ಅನುಸರಿಸಬೇಕು:

• ಆರಂಭದಲ್ಲಿಯೇ ದಿನಾಂಕ, ತಾಲ್ಲೂಕು ಮತ್ತು ಬೆಳೆಯ ಹಂತವನ್ನು ತಿಳಿಸಿರಿ.
• ಒಂದು ಸಂಚಿಕೆಯಲ್ಲಿ ಒಂದೇ ವಿಷಯವಿರಲಿ.
• ಗೊಬ್ಬರ, ಔಷಧಿಯ ಪ್ರಮಾಣವನ್ನು ತಜ್ಞರಿಂದ ಖಚಿತಪಡಿಸಿಕೊಂಡು ಎರಡು ಬಾರಿ ಹೇಳಿರಿ.
• ಗಾಳಿಯ ಸದ್ದಿಲ್ಲದ ಕೋಣೆಯಲ್ಲಿ ಮೊಬೈಲ್‌ನಿಂದ ಧ್ವನಿಮುದ್ರಿಸಿರಿ.
• ಅವಧಿ ಮುಗಿದ ಮಳೆ ಮುನ್ಸೂಚನೆಯ ಸಂಚಿಕೆಯನ್ನು ತಪ್ಪದೇ ತೆಗೆದುಹಾಕಿರಿ.