ಗಾಳಿಯ ಒತ್ತಡವೂ ಹೆಡ್ಡಿನ ತಾಳಿಕೆಯೂ

ವಿಜಯಪುರ ಜಿಲ್ಲೆಯ ಇಂಡಿ, ಬಸವನ ಬಾಗೇವಾಡಿಗಳಿಗೆ ರೈಲಿನ ಭಾಗ್ಯವುಂಟು. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ಮೋಟಾರೇ ಗತಿ. ರೈಲುಳ್ಳವರ ಭಾಗ್ಯವೂ ಅರ್ಧವೇ ಎನ್ನಬೇಕು. ನಿಲ್ದಾಣದ ಹೆಸರಿಗೆ ‘ರೋಡ್’ ಎಂಬ ಬಾಲ ಅಂಟಿತೆಂದರೆ ಊರು ಅಲ್ಲಿಂದ ದೂರವಿದೆಯೆಂದೇ ಅರ್ಥ. 1876-78ರ ಘೋರ ಕ್ಷಾಮದ ತರುವಾಯ ಈ ಸೀಮೆಗೆ ಕಾಳು ಮುಟ್ಟಿಸಲು ದಾರಿಯೊಂದು ಬೇಕೆಂಬ ವಿಚಾರ ಬಲಿತು, ಸದರ್ನ್ ಮರಾಠಾ ರೈಲ್ವೆಯ ಹೊಟಗಿ-ಗದಗ ಮೀಟರ್‌ಗೇಜ್ ಮಾರ್ಗವು 1884ರಲ್ಲಿ ತೆರೆಯಿತು. ಸುಮಾರು ಒಂದು ಶತಮಾನ ಅಲ್ಲಿ ಉಗಿಯದೇ ಆಳಿಕೆ. ಮೀಟರ್‌ಗೇಜಿನ ಕೊನೆಯ ವರ್ಷಗಳಲ್ಲಿ ಬಂದದ್ದು ವೈಡಿಎಂ-4 ಎಂಬ ಡೀಸೆಲ್ ಗಾಡಿ. ಟರ್ಬೊ ಎಂಜಿನಿಗೆ ಎಂತಹ ಸಿಲಿಂಡರ್ ಹೆಡ್ಡು ಬೇಕೆಂಬ ಪ್ರಶ್ನೆಯ ಇತಿಹಾಸವನ್ನು ತಿಳಿಯಲು ಈ ಗಾಡಿಯೇ ಒಳ್ಳೆಯ ನಿದರ್ಶನ.

ಅದರ ಎಂಜಿನು ಅಮೆರಿಕದ ಆಲ್ಕೋ ಕಂಪನಿಯ 251ನೆಯ ಜಾತಿಯದು. 1968ರಿಂದ ವಾರಾಣಸಿಯ ನಮ್ಮ ಕಾರ್ಖಾನೆಯಲ್ಲಿಯೂ ಈ ಗಾಡಿಗಳು ತಯಾರಾದವು. ಸಿಲಿಂಡರುಗಳು ಆರು, ಒಂದೊಂದರ ಒಳವ್ಯಾಸ 9 ಅಂಗುಲ, ಪಿಸ್ಟನ್ನಿನ ಓಡಾಟ 10½ ಅಂಗುಲ, ಒಟ್ಟು ಬಲ 1,400 ಅಶ್ವಶಕ್ತಿ. ಇದರ ಪಕ್ಕಕ್ಕೆ ನಮ್ಮ ಬಾವಿಯ ದಂಡೆಯ ಕಿರ್ಲೋಸ್ಕರ್ ಎಂಜಿನನ್ನು ಇಟ್ಟು ನೋಡೋಣ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿ, ಮುಂದೆ ಕಬ್ಬಿಣದ ನೇಗಿಲಿನಿಂದ ಹೆಸರಾದ ಲಕ್ಷ್ಮಣರಾಯರ ಮನೆತನದವರು 1946ರಲ್ಲಿ ಪುಣೆಯಲ್ಲಿ ಎಣ್ಣೆ ಎಂಜಿನುಗಳ ಕಂಪನಿಯನ್ನು ಸ್ಥಾಪಿಸಿದರು. ಅವರ ಒಂಟಿ ಸಿಲಿಂಡರಿನ ಏವಿ-1 ಎಂಜಿನಿನ ಬಲ 5 ಅಶ್ವಶಕ್ತಿ. ಗಾತ್ರದಲ್ಲಿ ಆಲ್ಕೋವಿನ ಒಂದು ಸಿಲಿಂಡರು ಇದರ ಸುಮಾರು 20 ಪಟ್ಟು. ಬಲದಲ್ಲಿ ಮಾತ್ರ ಸುಮಾರು 47 ಪಟ್ಟು! ಅದೂ ನಿಮಿಷಕ್ಕೆ ಕಡಿಮೆ ಸುತ್ತು ಸುತ್ತಿ. ಈ ಹೆಚ್ಚಳ ಎಲ್ಲಿಂದ ಬಂದಿತು?

ಹೊಗೆಯಿಂದ ಬಂದಿತು. ಎಂಜಿನು ಹೊರಗೆ ಉಗುಳುವ ಬಿಸಿ ಹೊಗೆಯಿಂದ ಚಕ್ರವೊಂದನ್ನು ತಿರುಗಿಸಿ, ಆ ಚಕ್ರದಿಂದ ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬಬಹುದೆಂದು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ ಎಂಬಾತನು 1905ರಲ್ಲಿಯೇ ಪೇಟೆಂಟು ಪಡೆದಿದ್ದನು. ಗಾಳಿ ಹೆಚ್ಚಾದರೆ ಎಣ್ಣೆಯನ್ನೂ ಹೆಚ್ಚು ಸುಡಬಹುದಷ್ಟೆ. ಆದರೆ ಯೋಚನೆ ಕೈಗೂಡಲು ಇಪ್ಪತ್ತು ವರ್ಷ ಹಿಡಿಯಿತು. ಒಂದು ಸಿಲಿಂಡರಿನ ಹೊಗೆ ಮತ್ತೊಂದರ ಬಾಗಿಲಿಗೆ ಎದುರಾಗದಂತೆ ಹೊಗೆಕೊಳವೆಗಳನ್ನು ಬೇರೆ ಬೇರೆ ಗುಂಪು ಮಾಡಿ, ಒಳಗವಾಟವೂ ಹೊರಗವಾಟವೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುವಂತೆ ಆತನು 1925ರಲ್ಲಿ ಏರ್ಪಡಿಸಿದನು. ತಾಜಾ ಗಾಳಿ ಒಮ್ಮೆ ಬೀಸಿ ಹಳೆಯ ಹೊಗೆಯನ್ನು ಗುಡಿಸಿತು, ಕಾದ ಕವಾಟಗಳನ್ನೂ ತಣಿಸಿತು. ಮರುವರ್ಷ ಜರ್ಮನಿಯ ಎರಡು ಪ್ರಯಾಣಿಕ ಹಡಗುಗಳ ಎಂಜಿನುಗಳು 1,750ರ ಬದಲು 2,500 ಅಶ್ವಶಕ್ತಿ ಕೊಟ್ಟವು. ಕೀರ್ತಿಯೆಲ್ಲ ತಿರುಗುವ ಚಕ್ರಕ್ಕೆ ಹೋಯಿತು. ನಿಜಕ್ಕೂ ಬಿಗಿಯಾದ ಗಂಟು ಬಿಚ್ಚಿದ್ದು ಹೆಡ್ಡಿನ ಬಾಗಿಲುಗಳಲ್ಲಿ ಎಂದು ನನ್ನ ಅಭಿಪ್ರಾಯ.

‘ಹೆಡ್ಡು’ ಎಂಬ ಮಾತಿಗೆ ಕನ್ನಡ ಪಂಡಿತನಾದ ನಾನು ‘ಶಿರೋಭಾಗ’ ಎಂದು ಬರೆಯಬಹುದಿತ್ತು. ಸಿಂದಗಿಯ ಮೇಸ್ತ್ರಿಯ ಮುಂದೆ ಹಾಗೆಂದರೆ ಆತನು ಔಷಧದ ಅಂಗಡಿಯ ದಾರಿ ತೋರಿಸಿಯಾನು! ಹೆಡ್ಡೇ ಇರಲಿ. ಸಿಲಿಂಡರಿನ ಬಾಯಿಗೆ ಮುಚ್ಚಳವಾಗಿ ಕೂಡುವ ಎರಕ ಇದು. ಕೆಳಮುಖದಲ್ಲಿ ಬೆಂಕಿ, ಅದರ ಬೆನ್ನಿಗೇ ತಣ್ಣೀರು. ನಡುವೆ ಗಾಳಿಗೊಂದು ದಾರಿ, ಹೊಗೆಗೊಂದು ದಾರಿ. ಆಲ್ಕೋ ಎಂಜಿನಿನಲ್ಲಿ ಆರು ಸಿಲಿಂಡರುಗಳಿಗೆ ಆರು ಬಿಡಿ ಹೆಡ್ಡುಗಳು. ಒಂದೊಂದನ್ನೂ ಏಳು ಸ್ಟಡ್ಡುಗಳು ಬಿಗಿದು ಹಿಡಿಯುತ್ತವೆ. ಎರಡು ಒಳಗವಾಟ, ಎರಡು ಹೊರಗವಾಟ, ನಟ್ಟನಡುವೆ ಎಣ್ಣೆ ಸಿಂಪಡಿಸುವ ನಾಜಲ್ಲು. ಒಂದು ಕೆಟ್ಟರೆ ಉಳಿದ ಐದನ್ನು ಮುಟ್ಟಬೇಕಾಗಿಲ್ಲ.

ಇನ್ನೊಂದು ಬಗೆಯ ಹೆಡ್ಡೂ ಇದ್ದಿತು. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೋ 1931ರಲ್ಲಿ ‘ಕಾಮೆಟ್’ ಎಂಬ ಹೆಡ್ಡನ್ನು ರೂಪಿಸಿದನು. ಅದರೊಳಗೇ ದುಂಡನೆಯ ಪುಟ್ಟ ಗೂಡು. ಗಾಳಿ ಅದರಲ್ಲಿ ಸುಳಿಸುತ್ತಿ ಎಣ್ಣೆಯೊಡನೆ ಚೆನ್ನಾಗಿ ಬೆರೆಯುತ್ತಿತ್ತು. ಲಂಡನ್ನಿನ ಬಸ್ಸುಗಳು ಇದರಿಂದ ಓಡಿದವು. 1954ರಿಂದ ನಮ್ಮ ದೇಶದಲ್ಲಿ ತಯಾರಾದ ಟಾಟಾ-ಮರ್ಸಿಡಿಸ್ ಲಾರಿಗಳಲ್ಲಿಯೂ ಹೆಡ್ಡಿನೊಳಗೆ ಇಂತಹದೇ ಮುಂಗೋಣೆಯೊಂದು ಇದ್ದಿತು. ಚಳಿಯ ಬೆಳಗಿನಲ್ಲಿ ಹೀಟರ್ ಕಾಯುವವರೆಗೆ ಡ್ರೈವರು ತಾಳಬೇಕಾಗಿದ್ದುದು ಈ ಕಾರಣದಿಂದಲೇ. ಗೂಡಿನ ಇಕ್ಕಟ್ಟಾದ ಕೊರಳಿನಲ್ಲಿ ಬಿಸಿಯ ಒಂದು ಪಾಲು ಹೆಡ್ಡಿಗೇ ಸೋರಿಹೋಗುತ್ತದೆ. ಟರ್ಬೊ ಬಂದು ಬೆಂಕಿ ಹೆಚ್ಚಿದಾಗ ಇದು ಎರಡು ಬಗೆಯ ನಷ್ಟ: ಎಣ್ಣೆಯೂ ವ್ಯರ್ಥ, ಹೆಡ್ಡಿಗೂ ಸುಡುಗಾಲ. ಆದಕಾರಣ ದೊಡ್ಡ ಎಂಜಿನುಗಳಲ್ಲಿ ಕೊನೆಗೆ ಗೆದ್ದದ್ದು ಚಪ್ಪಟೆ ಮುಖದ ಹೆಡ್ಡು. ಉರಿಯುವ ಗುಳಿ ಪಿಸ್ಟನ್ನಿನ ತಲೆಗೆ ಇಳಿಯಿತು. ಗಾಳಿಯನ್ನು ಎಷ್ಟು ಪಟ್ಟು ಹಿಂಡಬೇಕೆಂಬ ಲೆಕ್ಕವನ್ನೂ ತಗ್ಗಿಸಿದರು. ಏವಿ-1ರಲ್ಲಿ ಅದು 16½ ಪಟ್ಟು, ಆಲ್ಕೋವಿನಲ್ಲಿ 12½. ಒಳಗೆ ಬರುವಾಗಲೇ ಒತ್ತಿದ ಗಾಳಿಯನ್ನು ಹಳೆಯ ಲೆಕ್ಕದಂತೆಯೇ ಹಿಂಡಿದರೆ ಸ್ಟಡ್ಡುಗಳು ಜಗ್ಗಿ ಗ್ಯಾಸ್ಕೆಟ್ಟು ಹಾರಿಹೋದೀತು.

ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರಾಕ್ಟರುಗಳನ್ನು ಇಂದು ಇಂಡಿಯ ರಸ್ತೆಗಳಲ್ಲಿ ಕಾಣುತ್ತೇವೆ. ಇನ್ನೂ ಬಲ ಬೇಕೆಂದು ಹಳೆಯ ಎಂಜಿನಿಗೆ ಹೊರಗಿನಿಂದ ಟರ್ಬೊ ಕೂಡಿಸುವ ಹುಮ್ಮಸ್ಸು ತರುಣರಿಗೆ ಸಹಜ. ಟರ್ಬೊ ಬೆಲೆಯನ್ನು ನಾಲ್ಕು ಅಂಗಡಿಗಳಲ್ಲಿ ಕೇಳುವವರು ಹೆಡ್ಡಿನ ಮಾತನ್ನೇ ಎತ್ತುವುದಿಲ್ಲ. ಸೊಟ್ಟಗಾದ ಹಳೆಯ ಹೆಡ್ಡನ್ನು ಎರಡು ಮೂರು ಸಲ ಪ್ಲೇನ್ ಹೊಡೆಸಿದ್ದರೆ ಬೆಂಕಿಗೆ ಎದುರಾಗುವ ಅದರ ಕೆಳಹಾಳೆ ತೆಳುವಾಗಿರುತ್ತದೆ. ಅಂತಹದನ್ನು ಟರ್ಬೊ ಎಂಜಿನಿಗೆ ಆರಿಸುವುದು ಅಪಾಯ. ಹೊರಗವಾಟ ಕೂಡುವ ಕಡೆ ಗಟ್ಟಿ ಲೋಹದ ಸೀಟಿನ ಬಳೆ ಇರಬೇಕು. ನೀರಿನ ದಾರಿಗಳಲ್ಲಿ ಉಪ್ಪಿನ ಹೊಪ್ಪಳೆ ಕಟ್ಟಿರಬಾರದು. ನಮ್ಮ ಸೀಮೆಯ ಗಡಸು ಬಾವಿನೀರನ್ನೇ ರೇಡಿಯೇಟರಿಗೆ ಸುರಿಯುವವರು ಇದನ್ನು ಗಮನಿಸತಕ್ಕದ್ದು. ಕೊಳ್ಳುವ ಮುಂಚೆ ಒತ್ತಡದ ಪರೀಕ್ಷೆ ಮಾಡಿಸಬೇಕು. ನೀರಿನ ಕಂಡಿಗಳನ್ನೆಲ್ಲ ಮುಚ್ಚಿ, ಒಂದರಿಂದ ಮಾತ್ರ ನೀರನ್ನು ಒತ್ತಿ ತುಂಬುತ್ತಾರೆ. ಆಗ ಎರಡು ಕವಾಟಗಳ ನಡುವಣ ಬೆರಳಗಲದ ಪಟ್ಟಿಯನ್ನು ಒಣ ಬಟ್ಟೆಯಿಂದ ಒರೆಸಿ ನೋಡುತ್ತಿರಬೇಕು. ಸೀಳಿದ್ದರೆ ಮೊದಲ ಹನಿ ಅನೇಕ ವೇಳೆ ಅಲ್ಲಿಯೇ ಒಡೆಯುತ್ತದೆ.